ಗಾಡಿಯಮ್ಮ ಓದದ ಎರಡು ಪುಟ

ಆ ಗ್ರಂಥಾಲಯದಲ್ಲಿ ಗಾಡಿಯಮ್ಮ ಎಂದರೆ ಎಲ್ಲರಿಗೂ ಗೊತ್ತು. ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಓದುಗರು ಹಿಂತಿರುಗಿಸಿದ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ಪೇರಿಸಿಕೊಂಡು, ಕಪಾಟಿನಿಂದ ಕಪಾಟಿಗೆ ಹೋಗಿ ಅವುಗಳ ಜಾಗದಲ್ಲಿ ಇಡುವುದು ಆಕೆಯ ಕೆಲಸ. ಗಾಡಿಯ ಎಡಗಡೆಯ ಮುಂದಿನ ಚಕ್ರ ಕಿರ್ ಎನ್ನುತ್ತದೆ. ಅದಕ್ಕಷ್ಟು ಎಣ್ಣೆ ಹಾಕಿ ಎಂದು ಪತ್ರಿಕೆ ಓದುವ ಕೋಣೆಯ ನಿವೃತ್ತರು ಗೋಗರೆದು ಸೋತಿದ್ದರು. ಜಪ್ಪಯ್ಯ ಎಂದರೂ ಆಕೆ ಎಣ್ಣೆ ಹಾಕಲಿಲ್ಲ. ಆ ಸದ್ದಿನಿಂದ ಆಕೆಗೆ ಕೆಲಸ ಆಗಬೇಕಿತ್ತು.

ಕಿರ್ ಎಂದ ಕೂಡಲೇ ಓದುಗರು ಕಪಾಟು ಬಿಟ್ಟು ಗಾಡಿಯನ್ನು ಮುತ್ತಿಕೊಳ್ಳುತ್ತಿದ್ದರು. ಇದರ ಗುಟ್ಟು ಗಾಡಿಯಮ್ಮನಿಗೆ ಬಹಳ ಹಿಂದೆಯೇ ತಿಳಿದಿತ್ತು. ಕಪಾಟಿನಲ್ಲಿ ಹೊಳೆಯುತ್ತ ನಿಂತ ಹೊಸ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಬೇರೆ ಯಾರೋ ಈಗಷ್ಟೇ ಓದಿ ತಂದದ್ದು ಎಂದರೆ ಸಾಕು, ಅದಕ್ಕೆ ಕೈ ಹಾಕದವರಿಲ್ಲ. ಕೈಗೆತ್ತಿಕೊಂಡವರು ಮೊದಲ ಪುಟ ನೋಡುತ್ತಾರೆ ಎಂದುಕೊಂಡಿರಾ? ಇಲ್ಲ. ಅವರು ನೋಡುವುದು ಕೊನೆಯಲ್ಲಿ ಅಂಟಿಸಿರುವ ತಾರೀಕಿನ ಚೀಟಿಯನ್ನು. ಪುಸ್ತಕ ಒಬ್ಬರ ಮನೆಗೆ ಹೋಗಿ ಬಂದಾಗಲೆಲ್ಲ ಆ ಚೀಟಿಯ ಮೇಲೆ ಒಂದು ಮುದ್ರೆ ಬೀಳುತ್ತದೆ. ಚೀಟಿ ಖಾಲಿಯಿದ್ದರೆ ಪುಸ್ತಕಕ್ಕೆ ಅಂಟುರೋಗ ತಗಲಿದೆಯೇನೋ ಎಂಬಂತೆ ಕೆಳಗಿಟ್ಟು ಹೋಗುತ್ತಾರೆ. ಓದುವ ಧೈರ್ಯವನ್ನೂ ಪಕ್ಕದ ಮನೆಯಿಂದ ಕೇಳಿ ತರುವ ಜನ ನಾವು.

ಆದ್ದರಿಂದ, ಯಾರೂ ಹೆಸರು ಕೇಳದ ಲೇಖಕರ ಹೊಸ ಪುಸ್ತಕ ಬಂದರೆ ಗಾಡಿಯಮ್ಮನೇ ಅದನ್ನು ತನ್ನ ಕಾರ್ಡಿನಲ್ಲಿ ಮನೆಗೆ ಒಯ್ಯುತ್ತಿದ್ದಳು. ಓದಿ ತಂದು, ಗಾಡಿಯ ಮೇಲಿನ ಸಾಲಿನಲ್ಲಿ ಸ್ವಲ್ಪ ಓರೆಯಾಗಿ, ಯಾರೋ ಅವಸರದಲ್ಲಿ ಬಿಟ್ಟುಹೋದಂತೆ ಇಡುತ್ತಿದ್ದಳು. ಯಾರೂ ಎತ್ತಿಕೊಳ್ಳದಿದ್ದರೆ ಅತ್ತೆಯ ಕಾರ್ಡು, ಆಮೇಲೆ ಮಗಳ ಕಾರ್ಡು. ಮೂರು ಮುದ್ರೆ ಬಿದ್ದ ಮೇಲೆ ಪುಸ್ತಕ ತಾನೇ ನಡೆಯಲು ಕಲಿಯುತ್ತಿತ್ತು. ಇದನ್ನು ಮೋಸ ಎಂದು ಮೂಗು ಮುರಿಯಬೇಡಿ. ಆಕೆ ತನಗೆ ತಾನೇ ಎರಡು ಕಟ್ಟುಪಾಡು ಹಾಕಿಕೊಂಡಿದ್ದಳು. ಕಾರ್ಡು ಯಾರದೋ ಅವರು ಪೂರ್ತಿ ಓದದೆ ಮುದ್ರೆ ಇಲ್ಲ. ತಾನು ಕೊನೆಯವರೆಗೆ ಓದದ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಮುನ್ನೂರನೇ ಪುಟದಲ್ಲಿ ದವಡೆ ನೋಯುವಷ್ಟು ಆಕಳಿಕೆ ಬಂದರೂ ಮುನ್ನೂರ ಇಪ್ಪತ್ತರ ತನಕ ಹೋಗಲೇಬೇಕು.

ಹೀಗೆ ಹೆಸರಿಲ್ಲದವರ ಪಕ್ಷ ವಹಿಸಿದ್ದಕ್ಕೆ ದೊಡ್ಡ ತತ್ತ್ವವೇನೂ ಕಾರಣವಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಆಕೆ ಅಲ್ಲಿ ಕಸ ಗುಡಿಸಲು ಸೇರಿದಾಗ, ಮಧ್ಯಾಹ್ನದ ಬಿಡುವಿನಲ್ಲಿ ಏನಾದರೂ ಓದೋಣವೆಂದರೆ ಹೆಸರಾಂತವರ ಪುಸ್ತಕಗಳೆಲ್ಲ ಸದಾ ಊರ ಮನೆಗಳಲ್ಲಿ. ಕಪಾಟಿನಲ್ಲಿ ಉಳಿದಿರುತ್ತಿದ್ದವು ಯಾರಿಗೂ ಬೇಡವಾದವು. ಸಿಕ್ಕಿದ್ದನ್ನೇ ಓದಿದಳು. ಓದುತ್ತ ಹೋದಂತೆ, ಎಲಾ ಇವುಗಳಾ, ಇಷ್ಟು ಚೆನ್ನಾಗಿದ್ದೂ ಸುಮ್ಮನೆ ಇಲ್ಲಿ ಕೂತಿದ್ದೀರಲ್ಲ ಎನ್ನಿಸಿತು. ಹತ್ತನೇ ತರಗತಿಯ ಆಚೆ ಶಾಲೆ ಕಾಣದ ಹೆಂಗಸು ಪದವಿ ಪಡೆದವರಿಗೂ ಗೊತ್ತಿಲ್ಲದ ಲೇಖಕರನ್ನು ಸೋದರ ಸಂಬಂಧಿಗಳ ಹಾಗೆ ಪರಿಚಯ ಮಾಡಿಕೊಂಡದ್ದು ಹೀಗೆ.

ಯಾವ ಪುಸ್ತಕ ಯಾರಿಗೆ ಎಂಬುದರಲ್ಲಿ ಆಕೆಯದು ಪಕ್ಕಾ ಲೆಕ್ಕಾಚಾರ. ಮೂವತ್ತು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸಿದವನ ಆತ್ಮಕಥೆ ಬಂದಾಗ ಬ್ಯಾಂಕಿನ ಕಾವಲುಗಾರ ಬರುವ ಹೊತ್ತಿಗೇ ಗಾಡಿ ಕಿರ್ ಎಂದಿತು. ಬಾಗಿಲಲ್ಲಿ ನಿಂತು ಇಡೀ ಲೋಕವನ್ನು ನೋಡಿದವನ ಕಥೆ ಬಾಗಿಲಲ್ಲಿ ನಿಲ್ಲುವವನಿಗೆ ಬೇಗ ಹಿಡಿಸಿತು. ಹಲ್ಲಿನ ಡಾಕ್ಟರೊಬ್ಬರ ಹಾಸ್ಯ ಲೇಖನಗಳು ಪತ್ರಿಕೆ ಕೋಣೆಯಲ್ಲಿ ಅತ್ಯಂತ ಸಿಡುಕನಾದ ನಿವೃತ್ತ ಮೇಷ್ಟ್ರ ಪಾಲಿಗೆ ಹೋದವು. ಅವರು ಹೊಟ್ಟೆ ಹುಣ್ಣಾಗುವಂತೆ ನಕ್ಕು, ಸದ್ದು ಮಾಡಬೇಡಿ ಎಂದು ತಾವೇ ಬರೆದು ಅಂಟಿಸಿದ್ದ ಹಾಳೆಯ ಕೆಳಗೇ ಬೈಸಿಕೊಂಡರು. ಟೆಲಿಫೋನ್ ಇಲಾಖೆಯಲ್ಲಿದ್ದ ಹೆಂಗಸೊಬ್ಬರು, ಬೇಡ ಅನ್ನುವುದು ಹೇಗೆ ಎಂದು ಕಲಿಸಲು ಪುಟ್ಟ ಪುಸ್ತಕ ಬರೆದಿದ್ದರು. ಬಂದವರಿಗೆಲ್ಲ ನಾಳೆಯೇ ಕೊಡುತ್ತೇನೆ ಎಂದು ಒಪ್ಪಿಕೊಂಡು ನಿದ್ದೆಗೆಟ್ಟಿದ್ದ ಬೀದಿ ಕೊನೆಯ ದರ್ಜಿಗೆ ಗಾಡಿಯಮ್ಮ ಅದನ್ನು ದಾಟಿಸಿದಳು. ಅವನು ಶ್ರದ್ಧೆಯಿಂದ ಓದಿ ಮೊದಲು ಬೇಡ ಅಂದದ್ದು ಗಾಡಿಯಮ್ಮನಿಗೇ, ಆಕೆಯ ಮಗಳ ಕಾಲೇಜಿನ ಸಮವಸ್ತ್ರಕ್ಕೆ! ಆಕೆ ಒಂದು ವಾರ ಅದನ್ನು ಹೇಳಿಕೊಂಡು ನಕ್ಕಳು.

ಇಷ್ಟರಲ್ಲಿ ಹೊಸ ಲೈಬ್ರರಿಯನ್ ಬಂದರು. ಮೂವತ್ತೆರಡರ ವಯಸ್ಸು, ಇಸ್ತ್ರಿ ಮಾಡಿದ ಮಾತು, ಪೆನ್ಸಿಲ್ಲುಗಳನ್ನೂ ಎತ್ತರದ ಪ್ರಕಾರ ಜೋಡಿಸುವ ಮನುಷ್ಯ. ಕೆಟ್ಟವರಲ್ಲ. ಸುಳ್ಳು ಕಂಡರೆ ಮಾತ್ರ ಮೈಮೇಲೆ ಹಲ್ಲಿ ಬಿದ್ದವರಂತೆ ಆಡುತ್ತಿದ್ದರು. ಅವರ ಹಿಂದೆಯೇ ಕೇಂದ್ರ ಕಚೇರಿಯ ಆದೇಶವೂ ಬಂತು. ಹೊಸ ಲೇಖಕರ ಸಾಲಿನಲ್ಲಿರುವ ಮೂವತ್ತಾರು ಪುಸ್ತಕಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ವರ್ಷದೊಳಗೆ ಐದೈದು ಓದುಗರನ್ನು ಕಂಡಿರಬೇಕು. ಇಲ್ಲದಿದ್ದರೆ ಅಷ್ಟನ್ನೂ ಗೋಣಿಚೀಲಕ್ಕೆ ತುಂಬಿ ಕಾಗದದ ಕಾರ್ಖಾನೆಗೆ ಕಳುಹಿಸಿ, ಆ ಜಾಗದಲ್ಲಿ ಪರೀಕ್ಷೆಯ ಗೈಡುಗಳನ್ನು ಇಡತಕ್ಕದ್ದು. ಮುಂದೆ ಅಂಥ ಪುಸ್ತಕ ತರಿಸತಕ್ಕದ್ದಲ್ಲ.

ಗಾಡಿಯಮ್ಮ ಬೆರಳು ಮಡಚಿ ಎಣಿಸಿದಳು. ಹದಿನೆಂಟು ಪುಸ್ತಕ, ಐದೈದು ಮುದ್ರೆ. ಆ ವರ್ಷ ಗಾಡಿಗೆ ಬಿಡುವಿರಲಿಲ್ಲ. ವರ್ಷದ ಕೊನೆಯ ತಿಂಗಳಿಗೆ ಹದಿನೇಳು ಪುಸ್ತಕ ದಡ ಮುಟ್ಟಿದ್ದವು. ಹದಿನೆಂಟನೆಯದಾಗಿ ಆಕೆ ಆರಿಸಿದ್ದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಯಾರೋ ಬರೆದ ಮೊದಲ ಕಾದಂಬರಿ. ಹೆದ್ದಾರಿ ಪಕ್ಕ ಚಹಾ ಅಂಗಡಿ ಇಟ್ಟ ತಾಯಿಯೊಬ್ಬಳ ಕಥೆ ಎಂದು ಬೆನ್ನುಡಿಯಲ್ಲಿತ್ತು.

ಅದೇ ಹೊತ್ತಿಗೆ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ಒಂದು ತಿಂಗಳು ಏನನ್ನೂ ಓದಬಾರದು ಎಂದರು ಡಾಕ್ಟರು. ಓದದೆ ಅತ್ತೆಗೆ ಹೊತ್ತು ಹೋಗುವುದಿಲ್ಲ. ಗಾಡಿಯಮ್ಮ ಮೂರು ದಿನ ರಜೆ ಹಾಕಿ, ಮಧ್ಯಾಹ್ನ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಈ ಕಾದಂಬರಿಯನ್ನು ಗಟ್ಟಿಯಾಗಿ ಓದತೊಡಗಿದಳು. ಸಮಯವಿರಲಿಲ್ಲ. ತಾನು ಮೊದಲು ಓದಿ ಮುಗಿಸದೆ ಇನ್ನೊಬ್ಬರಿಗೆ ಓದಿದ್ದು ಜೀವಮಾನದಲ್ಲಿ ಅದೊಂದೇ ಪುಸ್ತಕ.

ಅರ್ಧ ಕಥೆ ಆದ ಮೇಲೆ ಆ ತಾಯಿಯ ಮಗ ಲಾರಿಯ ಕ್ಲೀನರ್ ಆಗಿ ಹೊರಟ. ಗಾಡಿಯಮ್ಮನ ದನಿ ನಿಂತಿತು. ಆಕೆಯ ಗಂಡ, ಎಂದರೆ ಅತ್ತೆಯ ಒಬ್ಬನೇ ಮಗ, ಲಾರಿ ಓಡಿಸುತ್ತಿದ್ದವನು. ಏಳು ವರ್ಷದ ಹಿಂದೆ ಸರಕು ಹೇರಿಕೊಂಡು ಹೋದವನು ಅಪಘಾತದಲ್ಲಿ ಹೋಗಿಬಿಟ್ಟಿದ್ದ. “ಇದು ಬೇಡ ಅತ್ತೆ, ಬೇರೆ ತರ್ತೀನಿ” ಎಂದಳು.

“ಮಧ್ಯದಲ್ಲಿ ಬಿಟ್ರೆ ಹೇಗೆ? ಓದು ನೀನು” ಎಂದರು ಅತ್ತೆ, ಕಣ್ಣಿನ ಪಟ್ಟಿ ಸರಿಮಾಡಿಕೊಂಡು.

ಮೂರನೆಯ ಮಧ್ಯಾಹ್ನ ಕೊನೆಯ ಎರಡು ಪುಟ ಉಳಿದವು. ಬಾಯಿ ಒಂದು ಸಾಲಿನಲ್ಲಿದ್ದಾಗ ಆಕೆಯ ಕಣ್ಣು ಮುಂದಿನದಕ್ಕೆ ಓಡಿತ್ತು. ಲಾರಿ ಬರುತ್ತದೆ, ಮಗ ಬರುವುದಿಲ್ಲ. ಗಾಡಿಯಮ್ಮ ಪುಸ್ತಕದಲ್ಲಿಲ್ಲದ ಇನ್ನೊಂದು ಕೊನೆಯನ್ನು ಅಲ್ಲೇ ಕಟ್ಟಿ, ಓದುವ ದನಿಯಲ್ಲೇ ಹೇಳಿ ಮುಗಿಸಿದಳು. ಅತ್ತೆ ಚೆನ್ನಾಗಿದೆ ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿದರು. ಮಾರನೆಯ ದಿನ ಅತ್ತೆಯ ಕಾರ್ಡಿಗೆ ಮುದ್ರೆ ಬಿತ್ತು. ಮುಂದಿನ ದಿನಗಳಲ್ಲಿ ಗಾಡಿಯಮ್ಮ, ಮಗಳು, ದರ್ಜಿ, ಕಾವಲುಗಾರ ಸೇರಿ ಐದಾಯಿತು. ಹದಿನೆಂಟು ಪುಸ್ತಕ ಪೂರ್ತಿಯಾದವು.

ಲೆಕ್ಕ ಒಪ್ಪಿಸುವುದಕ್ಕೆ ಎರಡು ದಿನ ಮೊದಲು ಲೈಬ್ರರಿಯನ್ ಆಕೆಯನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಕಡೆ ಆ ಕಾದಂಬರಿ, ಇನ್ನೊಂದು ಕಡೆ ಆಕೆಯದೇ ರಜೆ ಚೀಟಿ. ನಮ್ಮ ಅತ್ತೆಯವರಿಗೆ ಕಣ್ಣಿನ ಆಪರೇಷನ್ ಆಗಿದ್ದು, ಒಂದು ತಿಂಗಳು ಏನನ್ನೂ ಓದಬಾರದೆಂದು ಡಾಕ್ಟರು ತಿಳಿಸಿರುವುದರಿಂದ ಎಂದು ಆಕೆ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು.

“ಓದಲೇಬಾರದು ಅಂದ ತಿಂಗಳಲ್ಲಿ ನಿಮ್ಮ ಅತ್ತೆ ಈ ಪುಸ್ತಕ ಹೇಗಮ್ಮ ಓದಿದ್ರು?”

“ನಾನು ಓದಿ ಹೇಳ್ದೆ ಸರ್.”

“ಹಾಗಂತ ಯಾರು ಬೇಕಾದ್ರೂ ಹೇಳಬಹುದು. ಈ ಒಂದು ಮುದ್ರೆ ಸುಳ್ಳಾದ್ರೆ ನಿಮ್ಮ ಲೆಕ್ಕ ಹದಿನೇಳಕ್ಕೆ ಇಳಿಯುತ್ತೆ. ಆಮೇಲೆ ಅಷ್ಟೂ ಪುಸ್ತಕ ಚೀಲಕ್ಕೆ. ನಾನು ಸುಳ್ಳು ಲೆಕ್ಕಕ್ಕೆ ಸಹಿ ಹಾಕೋನಲ್ಲ.”

ಗಾಡಿಯಮ್ಮನ ಸ್ವಾಭಿಮಾನಕ್ಕೆ ಚುರುಕ್ಕೆಂದಿತು. “ಅತ್ತೇನೇ ಕರ್ಕೊಂಡ್ ಬರ್ತೀನಿ. ಕಥೆ ಏನು ಅಂತ ನೀವೇ ಕೇಳಿ” ಎಂದುಬಿಟ್ಟಳು.

“ಆಯ್ತು. ನಾಳೆ ಬೆಳಿಗ್ಗೆ. ನಾನೂ ಇವತ್ತು ಇದನ್ನ ಓದ್ಕೊಂಡ್ ಬರ್ತೀನಿ.”

ಮೆಟ್ಟಿಲಿಳಿಯುವಾಗ ಆಕೆಗೆ ಕೊನೆಯ ಎರಡು ಪುಟ ನೆನಪಾದವು. ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದ ಹಾಗಾಯಿತಲ್ಲ! ಅತ್ತೆ ನಾಳೆ ಹೇಳುವ ಕೊನೆ ಪುಸ್ತಕದಲ್ಲಿಲ್ಲ. ಮುದ್ರೆ ಸುಳ್ಳಾಗುತ್ತದೆ, ಲಿಫ್ಟಿನವನು, ಹಲ್ಲಿನ ಡಾಕ್ಟರು, ಟೆಲಿಫೋನಿನ ಹೆಂಗಸು ಎಲ್ಲರೂ ಗೋಣಿಚೀಲಕ್ಕೆ ಹೋಗುತ್ತಾರೆ. ಇವತ್ತು ಸಂಜೆಯೇ ಕೂತು ನಿಜವಾದ ಕೊನೆಯನ್ನು ಹೇಳಿಬಿಟ್ಟರೆ? ಆಗ ಪುಸ್ತಕಗಳು ಉಳಿಯುತ್ತವೆ. ಆದರೆ ಆ ಮುದುಕಿಯ ಮಗನನ್ನು ಇನ್ನೊಂದು ಸಲ ಸಾಯಿಸಿದಂತಾಗುತ್ತದೆ.

ಸಂಜೆ ಅತ್ತೆಗೆ ಊಟ ಬಡಿಸುವಾಗ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಉಪ್ಪು ಸಾಕಾ ಎಂದು ಕೇಳಿದಳು. ಮೂರನೆಯ ಸಲಕ್ಕೆ ಅತ್ತೆಯೇ, “ಉಪ್ಪು ಸರಿಯಾಗೇ ಇದೆ ಕಣೆ, ನಿಂಗೇನಾಗಿದೆ?” ಎಂದರು. ನಾಳೆ ಲೈಬ್ರರಿಗೆ ಬರಬೇಕು, ಕಥೆ ಹೇಳಬೇಕು ಎಂದಷ್ಟೇ ಹೇಳಿ ಗಾಡಿಯಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ತಲೆ ಬಾಚಿಸಿಕೊಂಡು ಬಂದರು. ಲೈಬ್ರರಿಯನ್ ಎದ್ದು ಕುರ್ಚಿ ಕೊಟ್ಟರು. ಅವರ ಕಣ್ಣು ಸ್ವಲ್ಪ ಕೆಂಪಗಿತ್ತು.

“ಅಜ್ಜೀ, ನಿಮ್ಮ ಸೊಸೆ ಓದಿ ಹೇಳಿದ್ದನ್ನ ಹಾಗೇ ಹೇಳಿ” ಎಂದರು.

ಅತ್ತೆ ಶುರು ಮಾಡಿದರು ನೋಡಿ! ಚಹಾ ಅಂಗಡಿಯ ಸೋರುವ ತಗಡು, ಒಡೆದ ಬೆಂಚಿಗೆ ಕಟ್ಟಿದ ತಂತಿ, ದುಡ್ಡಿಲ್ಲದೆ ಕುಡಿದುಹೋಗುವ ಪೊಲೀಸಪ್ಪನ ಮೀಸೆ, ಒಂದನ್ನೂ ಬಿಡಲಿಲ್ಲ. ನಡುನಡುವೆ ಲೇಖಕರಿಗೆ ಸಲಹೆಯನ್ನೂ ಕೊಟ್ಟರು: “ಚಹಾಕ್ಕೆ ಹಾಲು ಮೊದಲು ಹಾಕ್ತಾಳೆ ಅಂತ ಬರೆದಿದಾನೆ, ಅಂಗಡಿಯೋರು ಯಾರೂ ಹಾಗೆ ಮಾಡಲ್ಲ.” ಲೈಬ್ರರಿಯನ್ ಪುಟ ತಿರುವುತ್ತ ತಲೆದೂಗುತ್ತಿದ್ದರು. ಗಾಡಿಯಮ್ಮ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು.

“ಕೊನೇಗೆ ಲಾರಿ ಬರುತ್ತೆ. ಮಗ ಇಳೀತಾನೆ, ಕಾಲಿಗೆ ಪಟ್ಟಿ ಕಟ್ಟಿರುತ್ತೆ. ಕುಂಟ್ತಾ ಬಂದು ಅಂಗಡಿ ಬಾಗಿಲಲ್ಲೇ ನಿಂತು, ಅಮ್ಮಾ, ತಿನ್ನೋಕೇನಿದೆ ಅಂತಾನೆ. ಅವಳು ಮನಸಾರೆ ಬೈತಾಳೆ. ಆಮೇಲೆ ಒಲೆ ಹಚ್ತಾಳೆ. ಅಷ್ಟೇ.”

ಲೈಬ್ರರಿಯನ್ ಪುಸ್ತಕ ಮುಚ್ಚಿದರು. “ಅಜ್ಜೀ, ಪುಸ್ತಕದಲ್ಲಿ ಹೀಗಿಲ್ಲ” ಎಂದರು, ಬಹಳ ಮೆತ್ತಗೆ.

ಗಾಡಿಯಮ್ಮ ಮುಂದೆ ಬಂದಳು. “ತಪ್ಪು ನಂದು ಸರ್. ಕೊನೆ ಎರಡು ಪುಟ ನಾನು ಓದಿ ಹೇಳ್ಲಿಲ್ಲ. ನಾನೇ ಕಟ್ಟಿ ಹೇಳ್ದೆ. ಪೂರ್ತಿ ಓದದೆ ಮುದ್ರೆ ಇಲ್ಲ ಅನ್ನೋದು ನನ್ನದೇ ನಿಯಮ. ಆ ಮುದ್ರೆ ಅಳಿಸಿಹಾಕಿ.” ಇಪ್ಪತ್ತೆರಡು ವರ್ಷ ಸಾಕಿದ್ದನ್ನೆಲ್ಲ ಎರಡು ಪುಟಕ್ಕೆ ಕಳೆದುಕೊಳ್ಳುತ್ತಿದ್ದವಳು ಒಂದು ಹನಿ ಕಣ್ಣೀರು ಹಾಕಲಿಲ್ಲ, ಒಂದು ನೆಪ ಹೇಳಲಿಲ್ಲ. ಇಂಥವರು ಎಷ್ಟು ಜನ ಸಿಗುತ್ತಾರೆ ಹೇಳಿ.

“ಯಾಕೆ ಅಳಿಸಿಹಾಕ್ತಾರೆ?” ಅತ್ತೆ ಕುರ್ಚಿಯಲ್ಲೇ ನೆಟ್ಟಗಾದರು. “ಲಾರಿ ಬರುತ್ತೆ, ಇಳಿಯೋನು ಮಾಲೀಕ. ಕೈಯಲ್ಲಿ ಹುಡುಗನ ಟ್ರಂಕು. ಅವಳು ಏನೂ ಕೇಳಲ್ಲ. ಎರಡು ಲೋಟಕ್ಕೆ ಚಹಾ ಬಗ್ಗಿಸ್ತಾಳೆ. ಒಂದನ್ನ ಮಾಲೀಕನಿಗೆ ಕೊಡ್ತಾಳೆ, ಇನ್ನೊಂದನ್ನ ಟ್ರಂಕಿನ ಮೇಲೆ ಇಡ್ತಾಳೆ. ಇದು ತಾನೇ ನಿಮ್ಮ ಪುಸ್ತಕದಲ್ಲಿರೋದು?”

ಗಾಡಿಯಮ್ಮ ಬೆಪ್ಪಾಗಿ ಅತ್ತೆಯನ್ನೇ ನೋಡಿದಳು.

“ಗೊತ್ತಿದ್ದೂ ಬೇರೆ ಯಾಕೆ ಹೇಳಿದ್ರಿ ಅಜ್ಜೀ?” ಎಂದರು ಲೈಬ್ರರಿಯನ್.

“ಸೊಸೆ ಓದಿ ಹೇಳಿದ್ದನ್ನ ಹೇಳಿ ಅಂದ್ರಿ. ಅವಳು ಹೇಳಿದ್ದನ್ನ ಹೇಳ್ದೆ. ಪುಸ್ತಕದಲ್ಲಿರೋದನ್ನ ಹೇಳಿ ಅಂದಿದ್ರೆ ಇದನ್ನ ಹೇಳ್ತಿದ್ದೆ. ನನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ರು ನಿಜ, ಕಿವಿಗೇನು ಕಟ್ಟಿರಲಿಲ್ಲ. ಮೂರು ದಿನ ಹಾಳೆ ಮಗುಚೋ ಸದ್ದು ಕೇಳ್ಕೊಂಡು ಮಲಗಿದ್ದೋಳು ನಾನು. ಕೊನೇಲಿ ಇವಳು ಅಷ್ಟು ಹೊತ್ತು ಮಾತಾಡಿದ್ಲು, ಒಂದು ಹಾಳೆನೂ ಮಗುಚಲಿಲ್ಲ. ಆಮೇಲೆ ಮೊಮ್ಮಗಳು ಕಾಲೇಜಿಂದ ಬಂದ್ಲಲ್ಲ, ಅವಳ ಕೈಲಿ ಆ ಎರಡು ಪುಟ ಓದಿಸ್ಕೊಂಡೆ. ನಿಮ್ಮಮ್ಮಂಗೆ ಹೇಳಬೇಡ ಅಂತಾನೂ ಅಂದೆ.”

ಲೈಬ್ರರಿಯನ್ ಕನ್ನಡಕ ತೆಗೆದು ಒರೆಸಿದರು. ಒರೆಸುವಷ್ಟು ಕೊಳೆ ಅದರಲ್ಲಿರಲಿಲ್ಲ. ಆಮೇಲೆ ಜೇಬಿನಿಂದ ತಮ್ಮದೇ ಕಾರ್ಡು ತೆಗೆದು, ತಾರೀಕಿನ ಮುದ್ರೆಯನ್ನು ಗಾಡಿಯಮ್ಮನ ಮುಂದೆ ಸರಿಸಿ, “ನಾನೂ ನಿನ್ನೆ ಪೂರ್ತಿ ಓದಿದೀನಿ. ಒತ್ತಿ” ಎಂದರು. ಚೀಟಿಯಲ್ಲಿ ಆರನೆಯ ಮುದ್ರೆ ಬಿತ್ತು. ಲೆಕ್ಕದ ಹಾಳೆಗೆ ಸಹಿ ಹಾಕಿ, ಪುಸ್ತಕವನ್ನು ತಾವೇ ಎತ್ತಿಕೊಂಡು ಹೋಗಿ ಗಾಡಿಯ ಮೇಲಿನ ಸಾಲಿನಲ್ಲಿಟ್ಟರು. ನೆಟ್ಟಗೆ ಇಟ್ಟಿದ್ದರು. ಗಾಡಿಯಮ್ಮ ಅದನ್ನು ಸ್ವಲ್ಪ ಓರೆ ಮಾಡಿದಳು.

ಅತ್ತೆಯನ್ನು ಮನೆಗೆ ಬಿಟ್ಟು ಬರಲು ಒಂದು ಗಂಟೆ ರಜೆ ಸಿಕ್ಕಿತು. ಬಿಸಿಲು ಚುರುಗುಟ್ಟುತ್ತಿತ್ತು. ಕೈ ಹಿಡಿದು ಬೀದಿ ದಾಟಿಸಿದ ಮೇಲೆ ಗಾಡಿಯಮ್ಮನಿಗೆ ತಡೆಯಲಾಗಲಿಲ್ಲ.

“ಎಲ್ಲಾ ಗೊತ್ತಿದ್ದೂ ನಂಗೆ ಯಾಕೆ ಹೇಳ್ಲಿಲ್ಲ ಅತ್ತೆ? ನಿನ್ನೆಯಿಂದ ನಾನು ಸತ್ತು ಹುಟ್ಟಿದೀನಿ.”

“ಹೇಳಿದ್ರೆ ನೀನು ಆವತ್ತು ಹೇಳಿದ್ದು ಸುಳ್ಳು ಅಂತ ಒಪ್ಕೊಂಡುಬಿಡ್ತಿದ್ದೆ.” ಅತ್ತೆ ಕಪ್ಪು ಕನ್ನಡಕದೊಳಗಿಂದ ಎದುರಿನ ಬೀದಿಯನ್ನೇ ನೋಡುತ್ತಿದ್ದರು. “ಬಾಗಿಲಲ್ಲೇ ನಿಂತು ತಿನ್ನೋಕೇನಿದೆ ಅಂತ ಕೇಳ್ತಿದ್ದೋನು ನನ್ನ ಮಗ ಕಣೆ, ಆ ಲೇಖಕರ ಮಗ ಅಲ್ಲ. ಅವನು ಬರಲ್ಲ ಅಂತ ಏಳು ವರ್ಷದಿಂದ ನಂಗೊತ್ತು. ಆದ್ರೆ ಆವತ್ತು ಮಧ್ಯಾಹ್ನ ಬಂದಿದ್ದ. ನೀನೇ ಕರ್ಕೊಂಡು ಬಂದಿದ್ದೆ.”

ಗಾಡಿಯಮ್ಮ ಆಗ ಅತ್ತಳು, ಬೀದಿಯಲ್ಲೇ, ಹೋಗಿಬರುವವರು ನೋಡುತ್ತಿದ್ದರೂ ಲೆಕ್ಕಿಸದೆ. ಅತ್ತೆ ಕೈ ಬಿಡಲಿಲ್ಲ. ಅಳು ನಿಲ್ಲುವವರೆಗೆ ಕಾದು, “ನಡಿ, ಹಸಿವಾಗ್ತಿದೆ, ತಿನ್ನೋಕೇನಿದೆ?” ಎಂದರು.